ಲಾರಿಯಲ್ಲಿ ಗಾಂಜಾ ಸಿಕ್ಕರೆ ಕಂಪನಿ ಡೈರೆಕ್ಟರ್ ಹೊಣೆಯೇ?

(ಲಾರಿ ಮಾಲೀಕರು ಮತ್ತು ಟ್ರಾನ್ಸ್‌ಪೋರ್ಟ್ ಕಂಪನಿ ನಡೆಸುವವರ ಸಭೆಯಲ್ಲಿ ವಕೀಲರೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ವಿಶಾಖಪಟ್ಟಣದಿಂದ ಬೆಂಗಳೂರಿಗೆ ಕಬ್ಬಿಣ ಹೇರಿಕೊಂಡು ಒಂದು ಲಾರಿ ಬರುತ್ತಿದೆ ಎಂದಿಟ್ಟುಕೊಳ್ಳಿ. ಲಾರಿ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಯದು. ಕಂಪನಿಗೆ ಇಬ್ಬರೇ ಡೈರೆಕ್ಟರ್‌ಗಳು, ಗಂಡ ಮತ್ತು ಹೆಂಡತಿ. ಗಂಡ ದಿನಾ ಆಫೀಸಿಗೆ ಬಂದು ವ್ಯವಹಾರ ನೋಡುತ್ತಾರೆ. ಹೆಂಡತಿ ಬ್ಯಾಂಕಿನವರು ತೋರಿಸಿದ ಕಡೆ ಸಹಿ ಹಾಕುತ್ತಾರೆ, ಅಷ್ಟೇ. ಬುಕಿಂಗ್ ನೋಡಿಕೊಳ್ಳಲು ಒಬ್ಬ ಮ್ಯಾನೇಜರ್ ಇದ್ದಾನೆ. ರಾಜ್ಯದ ಗಡಿ ದಾಟಿದ ಮೇಲೆ ಪೊಲೀಸರು ಲಾರಿ ನಿಲ್ಲಿಸಿ ಕ್ಯಾಬಿನ್ ಹುಡುಕುತ್ತಾರೆ. ಡ್ರೈವರ್ ಮಲಗುವ ಹಲಗೆಯ ಕೆಳಗೆ ಕಂದು ಟೇಪು ಸುತ್ತಿದ ಕಟ್ಟುಗಳು. ತೂಕ ಹಾಕಿದರೆ 42 ಕೆಜಿ ಗಾಂಜಾ.

ಇದು ನಾನು ಕಟ್ಟಿದ ಉದಾಹರಣೆ. ಆದರೆ ನಿಮಗೆ ಹೊಸದೇನಲ್ಲ. ಆಂಧ್ರ-ಒಡಿಶಾ ಗಡಿಯ ಗುಡ್ಡಗಾಡಿನಲ್ಲಿ ಬೆಳೆಯುವ ಗಾಂಜಾ ದಕ್ಷಿಣದ ರಾಜ್ಯಗಳಿಗೆ ರಸ್ತೆಯಲ್ಲೇ ಜಾಸ್ತಿ ಬರುತ್ತದೆ. ರಿಟರ್ನ್ ಲೋಡ್ ಸಿಗದೆ ಎರಡು ದಿನ ಕಾಯ್ದು ಕೂತ ಡ್ರೈವರ್ ಹತ್ತಿರ ಯಾರೋ ಬಂದು, 'ಒಂದು ಚೀಲ ಅಷ್ಟೇ ಅಣ್ಣ, ಹೊಸಕೋಟೆ ಹತ್ತಿರ ನಮ್ಮವರು ಇಳಿಸಿಕೊಳ್ಳುತ್ತಾರೆ' ಅಂದರೆ ಏನಾಗುತ್ತದೆ ಅಂತ ನನಗಿಂತ ಚೆನ್ನಾಗಿ ನಿಮಗೆ ಗೊತ್ತು.

ಈಗ ಪ್ರಶ್ನೆ. ಡ್ರೈವರ್ ಸಿಕ್ಕಿಬಿದ್ದ, ಸರಿ. ಮ್ಯಾನೇಜರ್? ಗಂಡ? ಹೆಂಡತಿ? ಆ ಕಂಪನಿ?

ಮೊದಲು ಈ ಕಾನೂನಿಗೆ ನಾವು ಯಾಕೆ ಇಷ್ಟು ಹೆದರುತ್ತೇವೆ ಅನ್ನುವುದನ್ನು ಹೇಳಿಬಿಡುತ್ತೇನೆ. ಎನ್‌ಡಿಪಿಎಸ್ ಕಾಯ್ದೆ, ಅಂದರೆ ಮಾದಕ ವಸ್ತುಗಳ ಕಾಯ್ದೆ, 1985ರದು. ಅದರಲ್ಲಿ ಶಿಕ್ಷೆ ನಿಂತಿರುವುದು ತೂಕದ ಮೇಲೆ. ಗಾಂಜಾ 1 ಕೆಜಿವರೆಗೆ ಸಣ್ಣ ಪ್ರಮಾಣ. 20 ಕೆಜಿ ಮೀರಿದರೆ ವಾಣಿಜ್ಯ ಪ್ರಮಾಣ. ಹೆರಾಯಿನ್ ಆದರೆ 250 ಗ್ರಾಂ, ಎಂಡಿಎಂಎ ಅನ್ನುವ ರಾಸಾಯನಿಕ ಮಾದಕ ವಸ್ತು ಆದರೆ ಬರೀ 10 ಗ್ರಾಂ. ವಾಣಿಜ್ಯ ಪ್ರಮಾಣ ಅಂತಾದರೆ ಕನಿಷ್ಠ 10 ವರ್ಷ, ಗರಿಷ್ಠ 20 ವರ್ಷ ಜೈಲು, ಜೊತೆಗೆ 1 ಲಕ್ಷದಿಂದ 2 ಲಕ್ಷದವರೆಗೆ ದಂಡ. ನಮ್ಮ ಉದಾಹರಣೆಯ 42 ಕೆಜಿ ಈ ಗುಂಪಿಗೆ ಬೀಳುತ್ತದೆ.

ಶಿಕ್ಷೆಗಿಂತ ಮೊದಲು ಕಾಡುವುದು ಜಾಮೀನು. 37ನೇ ಕಲಂ ಪ್ರಕಾರ ವಾಣಿಜ್ಯ ಪ್ರಮಾಣದ ಕೇಸಿನಲ್ಲಿ, ಸರ್ಕಾರಿ ವಕೀಲರು ವಿರೋಧಿಸಿದರೆ, ಆರೋಪಿ ತಪ್ಪಿತಸ್ಥನಲ್ಲ ಅಂತ ನಂಬಲು ಕಾರಣ ಇದೆ, ಹೊರಗೆ ಬಂದರೆ ಮತ್ತೆ ಅಪರಾಧ ಮಾಡುವುದಿಲ್ಲ ಅಂತ ನ್ಯಾಯಾಧೀಶರಿಗೆ ಮನವರಿಕೆ ಆಗಬೇಕು. ಚಾರ್ಜ್‌ಶೀಟ್ ಹಾಕಲು ಪೊಲೀಸರಿಗೆ 180 ದಿನ ಸಮಯವಿದೆ. ಕೋರ್ಟ್ ಒಪ್ಪಿದರೆ ಅದು ಒಂದು ವರ್ಷದವರೆಗೂ ಹೋಗಬಹುದು. ಹಾಗಾಗಿ 'ಕೊನೆಗೆ ಖುಲಾಸೆ ಆಗುತ್ತದೆ ಬಿಡಿ' ಅನ್ನುವ ಸಮಾಧಾನ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಡೈರೆಕ್ಟರ್ ಹೆಸರು ಎಫ್‌ಐಆರ್‌ಗೆ ಬಂತೋ ಇಲ್ಲವೋ ಅನ್ನುವುದೇ ಒಂದು ಮನೆಯ ಎರಡು-ಮೂರು ವರ್ಷದ ಬದುಕನ್ನು ನಿರ್ಧರಿಸಿಬಿಡುತ್ತದೆ.

ಇನ್ನು ಡೈರೆಕ್ಟರ್ ವಿಷಯಕ್ಕೆ ಬರೋಣ. ನಮ್ಮ ಕ್ರಿಮಿನಲ್ ಕಾನೂನಿನ ಮೂಲ ಪಾಠ ಸರಳ. ಒಬ್ಬ ಮಾಡಿದ ತಪ್ಪಿಗೆ ಇನ್ನೊಬ್ಬ ಜೈಲಿಗೆ ಹೋಗುವಂತಿಲ್ಲ. 2015ರಲ್ಲಿ ಸುನಿಲ್ ಭಾರ್ತಿ ಮಿತ್ತಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ಕಂಪನಿಯನ್ನು ನಡೆಸುವವರ ಮನಸ್ಸನ್ನು ಕಂಪನಿಯ ಮನಸ್ಸು ಅಂತ ಪರಿಗಣಿಸಬಹುದು. ಆದರೆ ಕಂಪನಿ ಆರೋಪಿ ಆಯಿತು ಅನ್ನುವ ಒಂದೇ ಕಾರಣಕ್ಕೆ ಡೈರೆಕ್ಟರ್ ಆರೋಪಿ ಆಗುವುದಿಲ್ಲ. ಆತನ ಪಾತ್ರಕ್ಕೆ ಪುರಾವೆ ಬೇಕು, ಇಲ್ಲವೇ ಆತನನ್ನು ಹೊಣೆ ಮಾಡುವ ಮಾತು ಆ ಕಾನೂನಿನಲ್ಲೇ ಇರಬೇಕು.

ಎನ್‌ಡಿಪಿಎಸ್ ಕಾಯ್ದೆಯಲ್ಲಿ ಅಂಥ ಮಾತು ಇದೆ. ಅದೇ 38ನೇ ಕಲಂ. ಪಾರ್ಟ್ನರ್‌ಶಿಪ್ ಇಟ್ಟುಕೊಂಡವರು 'ನಮ್ಮದು ಕಂಪನಿ ಅಲ್ವಲ್ಲ' ಅಂತ ಸುಮ್ನೆ ಕೂರಬೇಡಿ. ಈ ಕಲಮಿನಲ್ಲಿ ಕಂಪನಿ ಅಂದರೆ ಪಾಲುದಾರಿಕೆ ಫರ್ಮ್ ಕೂಡ ಸೇರುತ್ತದೆ, ಅಲ್ಲಿ ಡೈರೆಕ್ಟರ್ ಅಂದರೆ ಪಾಲುದಾರ.

38ನೇ ಕಲಂ ಎರಡು ರೀತಿಯಲ್ಲಿ ಹಿಡಿಯುತ್ತದೆ. ಕಂಪನಿ ಒಂದು ಅಪರಾಧ ಮಾಡಿದ್ದರೆ, ಆ ಸಮಯದಲ್ಲಿ ಕಂಪನಿಯ ವ್ಯವಹಾರ ಯಾರ ಕೈಯಲ್ಲಿತ್ತೋ, ಯಾರು ಅದಕ್ಕೆ ಜವಾಬ್ದಾರರೋ ಅವರೆಲ್ಲ ತಪ್ಪಿತಸ್ಥರು ಅಂತ ಕಾನೂನು ಭಾವಿಸಿಕೊಳ್ಳುತ್ತದೆ. ಅವರು ಬಚಾವಾಗಲು ದಾರಿ ಇದೆ. 'ಇದು ನನಗೆ ಗೊತ್ತಿಲ್ಲದೆ ನಡೆಯಿತು' ಅಂತ ಸಾಬೀತು ಮಾಡಬೇಕು, ಇಲ್ಲವೇ 'ಇಂಥದ್ದು ಆಗದಂತೆ ತಡೆಯಲು ನಾನು ಮಾಡಬೇಕಾದ್ದೆಲ್ಲ ಮಾಡಿದ್ದೆ' ಅಂತ ಸಾಬೀತು ಮಾಡಬೇಕು. ಸಾಬೀತು ಮಾಡುವ ಭಾರ ಅವರ ಮೇಲೆಯೇ. ಎರಡನೆಯ ರೀತಿ ಬೇರೆ. ಯಾವುದೇ ಡೈರೆಕ್ಟರ್, ಮ್ಯಾನೇಜರ್, ಸೆಕ್ರೆಟರಿ ಅಥವಾ ಅಧಿಕಾರಿಯ ಒಪ್ಪಿಗೆಯಿಂದ, ಕುಮ್ಮಕ್ಕಿನಿಂದ ಅಥವಾ ನಿರ್ಲಕ್ಷ್ಯದಿಂದ ಅಪರಾಧ ನಡೆದಿದ್ದರೆ ಅವರೂ ತಪ್ಪಿತಸ್ಥರು. ಇದನ್ನು ಸಾಬೀತು ಮಾಡಬೇಕಾದ್ದು ಸರ್ಕಾರ.

ಆ 'ನಿರ್ಲಕ್ಷ್ಯ' ಅನ್ನುವುದನ್ನು ಗಮನಿಸಿ. 10 ವರ್ಷ ಜೈಲಿನ ಕಾನೂನಿನಲ್ಲಿ, ಗೊತ್ತಿದ್ದು ಮಾಡಿದವನನ್ನೂ ಉದಾಸೀನ ಮಾಡಿದವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ನನ್ನ ಪ್ರಕಾರ ಸರಿಯಲ್ಲ. ಆದರೆ ಕಾನೂನು ಇರುವುದು ಹಾಗೆ. ಬುಕಿಂಗ್ ಆಫೀಸಿನ ಮ್ಯಾನೇಜರ್‌ಗಳಿಗೆ ಇದು ಎಲ್ಲರಿಗಿಂತ ಹತ್ತಿರದ ಅಪಾಯ.

ಇಷ್ಟರಲ್ಲಿ ಒಂದು ವಿಷಯ ಜಾರಿಹೋಗಬಾರದು. 38ನೇ ಕಲಂ ಶುರುವಾಗುವುದೇ 'ಕಂಪನಿ ಮಾಡಿದ ಅಪರಾಧ' ಅಂತ. ನಮ್ಮ ಡ್ರೈವರ್ ತನ್ನ ಜೇಬಿಗೆ ನಾಲ್ಕು ಕಾಸು ಮಾಡಿಕೊಳ್ಳಲು, ತಾನು ಮಲಗುವ ಹಲಗೆಯ ಕೆಳಗೆ, ಆಫೀಸಿಗೆ ಹೇಳದೆ, ಎಲ್‌ಆರ್ (ಸರಕು ಬುಕ್ ಮಾಡಿದಾಗ ಕೊಡುವ ಲಾರಿ ರಸೀದಿ) ಇಲ್ಲದೆ ಚೀಲ ಇಟ್ಟ. ಅದು ಕಂಪನಿಯ ವ್ಯವಹಾರವೇ ಅಲ್ಲ. ಆ ಬಾಡಿಗೆ ಕಂಪನಿಗೆ ಬಂದಿಲ್ಲ, ಪುಸ್ತಕದಲ್ಲಿ ಹತ್ತಿಲ್ಲ. ಹಾಗಿರುವಾಗ 38ನೇ ಕಲಂ ಬಾಗಿಲೇ ತೆರೆಯುವುದಿಲ್ಲ ಅನ್ನುವುದು ನನ್ನ ವಾದ. ಇಂಥ ಕೇಸಿನಲ್ಲಿ ಡೈರೆಕ್ಟರ್ ಪರ ವಕೀಲರು ಮೊದಲು ಎತ್ತಬೇಕಾದ ಮಾತೂ ಇದೇ. ನೌಕರ ಮಾಡಿದ ಪ್ರತಿಯೊಂದು ಅಪರಾಧವೂ ಕಂಪನಿಯ ಅಪರಾಧ ಆಗುವುದಿಲ್ಲ.

ಅದೇ ಗಾಂಜಾ ಪ್ಯಾಕಿಂಗ್ ಪೆಟ್ಟಿಗೆಯಲ್ಲಿ 'ಮನೆ ಸಾಮಾನು' ಅಂತ ಬುಕ್ ಆಗಿ, ನಿಮ್ಮ ಎಲ್‌ಆರ್ ಮೇಲೆ, ನಿಮ್ಮ ಗೋಡೌನಿನಿಂದ ಹೊರಟಿದ್ದರೆ? ಕಳಿಸಿದವರ ವಿಳಾಸ ಇಲ್ಲ, ಬರೀ ಒಂದು ಮೊಬೈಲ್ ನಂಬರ್. ಬಾಡಿಗೆ ಪೂರ್ತಿ ನಗದು. ಇದೇ ಪಾರ್ಟಿ ಇದೇ ರೀತಿ ತಿಂಗಳಿಗೆ ನಾಲ್ಕು ಸಲ ಬುಕ್ ಮಾಡಿದ್ದಾರೆ. ಆಗ ಇದು ಕಂಪನಿಯ ವ್ಯವಹಾರದೊಳಗೆ ಬಂತು. 'ನಮಗೇನು ಗೊತ್ತು' ಅನ್ನುವ ಮಾತನ್ನು ನ್ಯಾಯಾಧೀಶರು ಬೇರೆ ಕಣ್ಣಿನಿಂದ ನೋಡುತ್ತಾರೆ.

ಇನ್ನೊಂದು ಪರಿಸ್ಥಿತಿಯೂ ಇದೆ, ಸಾಗಿಸುವುದಲ್ಲ, ಕಂಪನಿಯೇ ಸರಕಿನ ಮಾಲೀಕ ಆಗಿರುವುದು. 2021ರ ಸೆಪ್ಟೆಂಬರ್‌ನಲ್ಲಿ ಗುಜರಾತಿನ ಮುಂದ್ರಾ ಬಂದರಿನಲ್ಲಿ ಟಾಲ್ಕ್ ಪುಡಿ ಅಂತ ಬಂದ ಕಂಟೇನರ್‌ಗಳಲ್ಲಿ ಸುಮಾರು 3,000 ಕೆಜಿ ಹೆರಾಯಿನ್ ಸಿಕ್ಕಿತು. ಆಮದು ಮಾಡಿಕೊಂಡದ್ದು ವಿಜಯವಾಡದ ವಿಳಾಸ ಕೊಟ್ಟಿದ್ದ ಒಂದು ಸಣ್ಣ ಸಂಸ್ಥೆ. ಅದನ್ನು ನಡೆಸುತ್ತಿದ್ದವರ ಬಂಧನವಾಯಿತು, ತನಿಖೆ ಎನ್‌ಐಎಗೆ ಹೋಯಿತು. ನಾಲ್ಕು ಕಾಸು ಕಮಿಷನ್ ಆಸೆಗೆ ನಿಮ್ಮ ಕಂಪನಿಯ ಹೆಸರು, ಜಿಎಸ್‌ಟಿ ನಂಬರ್, ಆಮದು-ರಫ್ತು ಕೋಡ್ ಇನ್ನೊಬ್ಬರಿಗೆ ಕೊಡುವವರು ಈ ಸಭೆಯಲ್ಲಿದ್ದರೆ, ಇವತ್ತೇ ನಿಲ್ಲಿಸಿ. ಅಲ್ಲಿ ಸರಕು ಬಂದಿರುವುದೇ ನಿಮ್ಮ ಹೆಸರಿಗೆ.

ಈಗ ಹೆಂಡತಿಯ ವಿಷಯ. ನಮ್ಮಲ್ಲಿ ಎಷ್ಟೋ ಕುಟುಂಬದ ಕಂಪನಿಗಳಲ್ಲಿ ಇಬ್ಬರು ಡೈರೆಕ್ಟರ್ ಇರಬೇಕು ಅನ್ನುವ ನಿಯಮಕ್ಕಾಗಿ ಹೆಂಡತಿಯ ಹೆಸರೋ ತಾಯಿಯ ಹೆಸರೋ ಸೇರಿಸಿರುತ್ತಾರೆ. ಈ ಹೆಣ್ಣುಮಕ್ಕಳು ಆಫೀಸಿನ ಮುಖವನ್ನೂ ನೋಡಿರುವುದಿಲ್ಲ. 2005ರಲ್ಲಿ ಎಸ್‌ಎಂಎಸ್ ಫಾರ್ಮಾಸ್ಯುಟಿಕಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮಾತು ಇಲ್ಲಿ ಇವರ ರಕ್ಷಣೆಗೆ ಬರುತ್ತದೆ. ಅದು ಚೆಕ್ ಬೌನ್ಸ್ ಪ್ರಕರಣ, ಆದರೆ ಅಲ್ಲಿದ್ದ ಕಲಮಿನ ಧಾಟಿ ಇದೇ. ಡೈರೆಕ್ಟರ್ ಅನ್ನುವ ಹುದ್ದೆಯೊಂದೇ ಸಾಲದು, ಆ ಸಮಯದಲ್ಲಿ ವ್ಯವಹಾರ ನಿಜವಾಗಿ ಅವರ ಕೈಯಲ್ಲಿತ್ತು ಅಂತ ದೂರಿನಲ್ಲೇ ಹೇಳಿರಬೇಕು ಅಂದಿತು ಕೋರ್ಟ್. ಮ್ಯಾನೇಜಿಂಗ್ ಡೈರೆಕ್ಟರ್‌ಗೆ ಈ ಅನುಕೂಲ ಇಲ್ಲ, ಆ ಹುದ್ದೆಯ ಅರ್ಥವೇ ವ್ಯವಹಾರ ನಡೆಸುವುದು.

ಹಾಗಂತ ಮೈಮರೆಯಬೇಡಿ. ಈ ತೀರ್ಪಿನ ಬಲ ಸಿಗುವುದು ಕೋರ್ಟಿನಲ್ಲಿ. ಅದಕ್ಕಿಂತ ಮೊದಲು ತನಿಖಾಧಿಕಾರಿ ನೋಡುವುದು ಕಂಪನಿ ರಿಜಿಸ್ಟ್ರಾರ್ ದಾಖಲೆ. ಅಲ್ಲಿ ಹೆಸರು ಇದ್ದರೆ ನೋಟಿಸ್ ಬರುತ್ತದೆ. ವ್ಯವಹಾರದಲ್ಲಿ ಇಲ್ಲದವರನ್ನು ಡೈರೆಕ್ಟರ್ ಮಾಡಿದ್ದರೆ, ಯಾರು ಏನು ನೋಡುತ್ತಾರೆ ಅಂತ ಬೋರ್ಡ್ ಠರಾವಿನಲ್ಲಿ ಬರೆದಿಡಿ. ರಾಜೀನಾಮೆ ಕೊಟ್ಟಿದ್ದರೆ, ಅದನ್ನು ರಿಜಿಸ್ಟ್ರಾರ್‌ಗೆ ತಿಳಿಸುವ ಡಿಐಆರ್-12 ಫಾರಂ ಸಲ್ಲಿಕೆ ಆಗಿದೆಯಾ ನೋಡಿ. ಕಂಪನಿ ಅದನ್ನು 30 ದಿನದೊಳಗೆ ಸಲ್ಲಿಸಬೇಕು. ಬರೀ ಪತ್ರ ಕೊಟ್ಟು ಮನೆಗೆ ಹೋದವರ ಹೆಸರು ದಾಖಲೆಯಲ್ಲಿ ಹಾಗೇ ಉಳಿದಿರುತ್ತದೆ.

ಕಂಪನಿಯನ್ನು ಜೈಲಿಗೆ ಹಾಕಲು ಆಗುವುದಿಲ್ಲ, ದಂಡ ಹಾಕಬಹುದು. 2005ರ ಸ್ಟ್ಯಾಂಡರ್ಡ್ ಚಾರ್ಟರ್ಡ್ ಪ್ರಕರಣದಲ್ಲಿ ಸಂವಿಧಾನ ಪೀಠ ಇದನ್ನು ಇತ್ಯರ್ಥ ಮಾಡಿದೆ. ಇದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ.

38ನೇ ಕಲಂ ಬಿಟ್ಟರೆ ನಿಮ್ಮನ್ನು ಹಿಡಿಯಬಹುದಾದದ್ದು 25ನೇ ಕಲಂ. ತನ್ನ ವಾಹನವನ್ನು ಅಪರಾಧಕ್ಕೆ ಬಳಸಲು ಗೊತ್ತಿದ್ದೂ ಬಿಟ್ಟ ಮಾಲೀಕನಿಗೆ, ಅಥವಾ ವಾಹನ ಯಾರ ಹತೋಟಿಯಲ್ಲಿದೆಯೋ ಅವರಿಗೆ, ಮೂಲ ಅಪರಾಧದಷ್ಟೇ ಶಿಕ್ಷೆ. ಇಲ್ಲಿ ಜೀವಾಳ ಇರುವುದು 'ಗೊತ್ತಿದ್ದೂ' ಅನ್ನುವುದರಲ್ಲಿ. ಆದರೆ 35ನೇ ಕಲಂ ಬಂದು, ಆರೋಪಿಗೆ ಗೊತ್ತಿತ್ತು ಅಂತಲೇ ಕೋರ್ಟ್ ಊಹಿಸಿಕೊಳ್ಳಬೇಕು, ಗೊತ್ತಿರಲಿಲ್ಲ ಅಂತ ಆರೋಪಿಯೇ ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸಬೇಕು ಅನ್ನುತ್ತದೆ. ಬೇರೆ ಕ್ರಿಮಿನಲ್ ಕೇಸುಗಳಲ್ಲಿ ಸರ್ಕಾರದ ತಲೆಯ ಮೇಲಿರುವ ಭಾರ ಇಲ್ಲಿ ಆರೋಪಿಯ ತಲೆಗೆ ಬರುತ್ತದೆ.

ಇದು ಪೂರ್ತಿ ಹಾಗೇ ನಡೆದರೆ ಯಾವ ಲಾರಿ ಮಾಲೀಕನೂ ಉಳಿಯುವುದಿಲ್ಲ. ಸುಪ್ರೀಂ ಕೋರ್ಟ್ 2008ರಲ್ಲೇ ಒಂದು ಕಟ್ಟು ಹಾಕಿತು. ಊಹೆ ಮಾಡಿಕೊಳ್ಳುವ ಮೊದಲು ಅದಕ್ಕೆ ಬೇಕಾದ ಬುನಾದಿಯನ್ನು ಸರ್ಕಾರವೇ ಸಾಬೀತು ಮಾಡಬೇಕು ಅಂತ. 2011ರಲ್ಲಿ ಪಂಜಾಬಿನ ಒಂದು ಪ್ರಕರಣ ಬಂತು. ಲಾರಿಯಲ್ಲಿ ಗಸಗಸೆ ಗಿಡದ ಹೊಟ್ಟು (ಇದೂ ಈ ಕಾಯ್ದೆಯಡಿ ಬರುತ್ತದೆ) ಸಿಕ್ಕಿತ್ತು. ಲಾರಿಯ ಸಹಮಾಲೀಕನಿಗೆ ಕೆಳಗಿನ ಕೋರ್ಟುಗಳು ಶಿಕ್ಷೆ ಹಾಕಿದ್ದವು. ಆತ ಗೊತ್ತಿದ್ದು ಬಿಟ್ಟ ಅನ್ನುವುದಕ್ಕೆ ಮೊದಲು ಪುರಾವೆ ತನ್ನಿ, ಆಮೇಲೆ 35ನೇ ಕಲಮಿನ ಮಾತು ಅಂತ ಹೇಳಿ ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿತು. 2023ರಲ್ಲಿ ಹರಿಯಾಣದ ಪ್ರಕರಣವೊಂದರಲ್ಲೂ ವಾಹನದ ಮಾಲೀಕನ ವಿಷಯದಲ್ಲಿ ಇದೇ ಆಯಿತು. ಆರ್‌ಸಿಯಲ್ಲಿ ಹೆಸರಿದೆ ಅನ್ನುವುದೇ ಅಪರಾಧ ಅಲ್ಲ.

ಡ್ರೈವರ್ ಹೇಳಿಕೆ ಬಗ್ಗೆ ನಿಮ್ಮಲ್ಲಿ ತುಂಬ ಭಯ ಇದೆ. 'ಸಾಹುಕಾರ್ರೇ ಹೇಳಿದ್ದು' ಅಂತ ಹೊಡೆತಕ್ಕೆ ಹೆದರಿ ಹೇಳಿಬಿಟ್ಟರೆ? 2020ರ ಅಕ್ಟೋಬರ್‌ನಲ್ಲಿ ತೂಫಾನ್ ಸಿಂಗ್ ತೀರ್ಪು ಬಂದ ಮೇಲೆ, ಎನ್‌ಸಿಬಿ (ಕೇಂದ್ರದ ಮಾದಕ ವಸ್ತು ನಿಯಂತ್ರಣ ಸಂಸ್ಥೆ) ಅಧಿಕಾರಿಗಳ ಮುಂದೆ 67ನೇ ಕಲಂ ಅಡಿ ಕೊಟ್ಟ ತಪ್ಪೊಪ್ಪಿಗೆಯನ್ನು ಸಾಕ್ಷ್ಯ ಅಂತ ಬಳಸುವಂತಿಲ್ಲ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಗಂತೂ ಮೊದಲಿಂದಲೂ ಬೆಲೆ ಇಲ್ಲ. ಆದರೆ ಫೋನ್ ಕರೆಗಳ ವಿವರ, ಯುಪಿಐ ಲೆಕ್ಕ, ಜಿಪಿಎಸ್ ದಾಖಲೆ ಇವೆಲ್ಲ ಸಾಕ್ಷ್ಯವೇ. ಲಾರಿ ಮೂರು ತಾಸು ಹೆದ್ದಾರಿ ಬಿಟ್ಟು ಒಳಗೆ ನಿಂತಿದೆ, ಅದೇ ಹೊತ್ತಿಗೆ ಡ್ರೈವರ್ ಮತ್ತು ಮ್ಯಾನೇಜರ್ ಆರು ಸಲ ಮಾತಾಡಿದ್ದಾರೆ ಅಂದರೆ, ಮ್ಯಾನೇಜರ್ ಅದಕ್ಕೆ ಉತ್ತರ ಕೊಡಬೇಕಾಗುತ್ತದೆ.

ಈಗ ಲಾರಿಯ ಕಥೆ. ಇದನ್ನು ಸ್ವಲ್ಪ ನಿಧಾನವಾಗಿ ಕೇಳಿ. ಜೈಲಿನ ಮಾತಾದರೆ, ಗೊತ್ತಿರಲಿಲ್ಲ ಅಂತ ತೋರಿಸಿದರೂ ಸಾಕು, ಎಚ್ಚರಿಕೆ ವಹಿಸಿದ್ದೆ ಅಂತ ತೋರಿಸಿದರೂ ಸಾಕು, ಆಗಲೇ ಹೇಳಿದೆ. ಲಾರಿ ಮುಟ್ಟುಗೋಲಿನ ಮಾತು ಬಂದಾಗ 60ನೇ ಕಲಂ ಎರಡನ್ನೂ ಕೇಳುತ್ತದೆ. ಅದೂ ಮೂರು ಜನರ ಪರವಾಗಿ. ಮಾಲೀಕನಿಗೆ ಗೊತ್ತಿರಬಾರದು, ಆತನ ಏಜೆಂಟನಿಗೆ ಗೊತ್ತಿರಬಾರದು, ವಾಹನದ ಉಸ್ತುವಾರಿ ಇದ್ದವನಿಗೂ ಗೊತ್ತಿರಬಾರದು. ಮೂವರೂ ತಕ್ಕ ಎಚ್ಚರಿಕೆ ವಹಿಸಿರಬೇಕು. ರಸ್ತೆಯಲ್ಲಿ ವಾಹನದ ಉಸ್ತುವಾರಿ ಯಾರದು? ಡ್ರೈವರ್‌ದು. ಚೀಲ ಇಟ್ಟವನೇ ಡ್ರೈವರ್ ಆದರೆ, ಈ ಷರತ್ತು ಪೂರೈಸುವುದು ಹೇಗೆ? ಡೈರೆಕ್ಟರ್ ಮೇಲೆ ಕೇಸೇ ಇಲ್ಲದೆ ಲಾರಿ ಮಾತ್ರ ಹೋಗುವ ಪರಿಸ್ಥಿತಿ ಹುಟ್ಟುವುದು ಹೀಗೆ. ಬ್ಯಾಂಕಿನ ಕಂತು ಮಾತ್ರ ನಿಲ್ಲುವುದಿಲ್ಲ.

ವಿಚಾರಣೆ ಮುಗಿಯುವವರೆಗೆ ಲಾರಿ ಎಲ್ಲಿರುತ್ತದೆ? ಠಾಣೆಯ ಹಿಂದಿನ ಜಾಗದಲ್ಲಿ, ಬಿಸಿಲು ಮಳೆಯಲ್ಲಿ. ಟೈರ್ ಹೋಗುತ್ತದೆ, ಬ್ಯಾಟರಿ ಹೋಗುತ್ತದೆ, ಮೂರನೇ ವರ್ಷಕ್ಕೆ ಗುಜರಿ. 2025ರ ಜನವರಿಯಲ್ಲಿ ಅಸ್ಸಾಮಿನ ಒಬ್ಬ ಲಾರಿ ಮಾಲೀಕರ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಕಿವಿಗೊಟ್ಟಿತು. ಆ ಲಾರಿಯಲ್ಲಿ ಹೆರಾಯಿನ್ ಸಿಕ್ಕಿತ್ತು, ಆದರೆ ಮಾಲೀಕರ ಮೇಲೂ ಡ್ರೈವರ್ ಮೇಲೂ ಆರೋಪ ಇರಲಿಲ್ಲ. ವಿಚಾರಣೆ ಮುಗಿಯುವ ಮೊದಲೇ ವಾಹನ ಬಿಡಲು ಈ ಕಾಯ್ದೆಯಲ್ಲಿ ಅಡ್ಡಿ ಇಲ್ಲ ಅಂತ ಕೋರ್ಟ್ ಹೇಳಿ, ಷರತ್ತಿನ ಮೇಲೆ ಲಾರಿ ಬಿಡಿಸಿಕೊಟ್ಟಿತು. ವಾಹನ ಕದ್ದದ್ದಾದರೆ, ಅಥವಾ ವಾಹನ ಹತ್ತಿದ ಬೇರೆ ಯಾರದೋ ಬಳಿ ಮಾದಕ ವಸ್ತು ಸಿಕ್ಕು ಮಾಲೀಕ-ಡ್ರೈವರ್ ಇಬ್ಬರ ಮೇಲೂ ಆರೋಪ ಇಲ್ಲದಿದ್ದರೆ, ಸಾಮಾನ್ಯವಾಗಿ ಬಿಡಬೇಕು ಅನ್ನುವುದು ಅದರ ಸಾರ. ಮಾಲೀಕನ ಬಳಿಯೋ ಆತನ ಡ್ರೈವರ್ ಬಳಿಯೋ ಸಿಕ್ಕರೆ ಕಷ್ಟ. ನಮ್ಮ ಉದಾಹರಣೆ ಈ ಕಷ್ಟದ ಕಡೆಗೇ ಬೀಳುತ್ತದೆ ಅಂತ ಸ್ಪಷ್ಟವಾಗಿ ಹೇಳುತ್ತೇನೆ.

ಹಾಗಾದರೆ ಮುಂಚೆಯೇ ಏನು ಮಾಡಬೇಕು? ಕೋರ್ಟಿನಲ್ಲಿ 'ಎಚ್ಚರಿಕೆ ವಹಿಸಿದ್ದೆ' ಅನ್ನಲು ಬಾಯಿಮಾತು ಸಾಲದು. ಕೇಸು ಆಗುವ ಮೊದಲೇ ಹುಟ್ಟಿದ ಕಾಗದ ಬೇಕು. ಆಮೇಲೆ ಬರೆದದ್ದಕ್ಕೆ ಯಾರೂ ಬೆಲೆ ಕೊಡುವುದಿಲ್ಲ.

ಎಲ್‌ಆರ್‌ನಿಂದ ಶುರು ಮಾಡಿ. 2007ರ ರಸ್ತೆ ಸಾಗಣೆ ಕಾಯ್ದೆ ಪ್ರಕಾರ ಸರಕು ಕಳಿಸುವವರು ಅದರ ವಿವರವನ್ನು ಬರೆದುಕೊಡಬೇಕು. ಅದನ್ನು ನಿಜವಾಗಿ ತೆಗೆದುಕೊಳ್ಳಿ. 'ಮನೆ ಸಾಮಾನು', 'ಬಿಡಿಭಾಗ', 'ಆಸ್ ಪರ್ ಬಿಲ್' ಅಂತ ಗೀಚುವುದನ್ನು ಬಿಡಿ. ಕಳಿಸುವವರ ಗುರುತಿನ ಚೀಟಿಯ ಪ್ರತಿ ಇಟ್ಟುಕೊಳ್ಳಿ. ವೇಬ್ರಿಡ್ಜ್ ಚೀಟಿಯನ್ನು ಎಲ್‌ಆರ್ ಜೊತೆಗೇ ಪಿನ್ ಮಾಡಿ. ಡ್ರೈವರ್‌ನ ಲೈಸೆನ್ಸ್ ಪ್ರತಿ, ವಿಳಾಸ ಪರಿಶೀಲನೆ, ಹಿಂದೆ ಕೆಲಸ ಮಾಡಿದ ಕಡೆ ವಿಚಾರಿಸಿದ್ದು, ಎಲ್ಲ ಒಂದು ಫೈಲಿನಲ್ಲಿರಲಿ. ಲೋಡ್ ಆದ ಮೇಲೆ ಕ್ಯಾಬಿನ್, ಟೂಲ್ ಬಾಕ್ಸ್, ಸ್ಟೆಪ್ನಿ ಜಾಗ ನೋಡಿ ಟ್ರಿಪ್ ಶೀಟಿನಲ್ಲಿ ಸಹಿ ಹಾಕಿಸಿ. ಜಿಪಿಎಸ್ ಹಾಕಿದ್ದೇವೆ ಅಂತ ಹೇಳಿಕೊಂಡರೆ ಸಾಲದು. ಲಾರಿ ದಾರಿ ಬಿಟ್ಟಾಗ ಯಾರಾದರೂ ಫೋನ್ ಮಾಡಿ ಕೇಳಿದ್ದಾರಾ, ಅದನ್ನು ಬರೆದಿದ್ದಾರಾ? ಎಚ್ಚರಿಕೆ ಸಂದೇಶ ಬಂದೂ ಯಾರೂ ನೋಡದಿದ್ದರೆ ಅದೇ ನಿಮ್ಮ ನಿರ್ಲಕ್ಷ್ಯಕ್ಕೆ ಪುರಾವೆ ಆಗುತ್ತದೆ.

ಕೆಮಿಕಲ್ ಲೋಡ್ ಹೇರುವವರಿಗೆ ಒಂದು ಮಾತು. ಎಫೆಡ್ರಿನ್, ಸ್ಯೂಡೋಎಫೆಡ್ರಿನ್, ಅಸಿಟಿಕ್ ಅನ್‌ಹೈಡ್ರೈಡ್ ಇವು ಮಾದಕ ವಸ್ತು ಅಲ್ಲ, ಕಾರ್ಖಾನೆಗೆ ಬೇಕಾದ ಸರಕು. ಆದರೆ ಇವುಗಳಿಂದ ಮಾದಕ ವಸ್ತು ಮಾಡಬಹುದು ಅನ್ನುವ ಕಾರಣಕ್ಕೆ 2013ರ ನಿಯಂತ್ರಣ ಆದೇಶದಡಿ ಬರುತ್ತವೆ. ಅದರ ಪ್ರಕಾರದ ಸಾಗಣೆ ಪತ್ರ ಇಲ್ಲದೆ ಹೇರಬೇಡಿ. ಆದೇಶ ಮೀರಿದರೆ 10 ವರ್ಷದವರೆಗೆ ಶಿಕ್ಷೆ ಇದೆ. ಇಂಥ ಸರಕು ಬುಕ್ ಆಗುವುದು ನಿಮ್ಮ ಎಲ್‌ಆರ್ ಮೇಲೆ. ಡ್ರೈವರ್ ಕದ್ದು ಇಟ್ಟ ಅನ್ನುವ ಮಾತಿಗೆ ಇಲ್ಲಿ ಜಾಗವೇ ಇಲ್ಲ.

ಇನ್ನು ಪ್ರಶ್ನೆಗಳಿಗೆ ಬರೋಣ.

ಒಬ್ಬರು ಹಿರಿಯ ಮಾಲೀಕರು ಕೇಳಿದರು: 'ವಕೀಲರೇ, ಲಾರಿ ಮಾರಿ ಆರು ತಿಂಗಳಾಯಿತು. ತಗೊಂಡವನು ಆರ್‌ಸಿ ವರ್ಗ ಮಾಡಿಸಿಕೊಂಡಿಲ್ಲ. ಏನಾದರೂ ಆದರೆ ನನ್ನನ್ನು ಹಿಡೀತಾರಾ?'

ಮೊದಲು ನಿಮ್ಮ ಮನೆಗೇ ಬರುತ್ತಾರೆ ಯಜಮಾನರೇ. ಮಾರಿದವರೂ ಆರ್‌ಟಿಒಗೆ ತಿಳಿಸಬೇಕು ಅಂತ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಒಂದೇ ರಾಜ್ಯದೊಳಗಾದರೆ 14 ದಿನ. ಅದು ದಾಟಿದೆ, ಆದರೂ ನಾಳೆಯೇ ಬರೆದುಕೊಡಿ. ಮಾರಾಟದ ಕರಾರು, ಹಣ ಬಂದ ಬ್ಯಾಂಕ್ ದಾಖಲೆ, ಲಾರಿ ಒಪ್ಪಿಸಿದ ಚೀಟಿ ಒಟ್ಟಿಗೆ ಇಟ್ಟುಕೊಳ್ಳಿ. ಲಾರಿ ನಿಮ್ಮ ಹತೋಟಿಯಲ್ಲಿ ಇರಲಿಲ್ಲ ಅಂತ ತೋರಿಸಲು ಅವೇ ಬೇಕು.

ಇನ್ನೊಬ್ಬರು: 'ಡೈರೆಕ್ಟರ್ ಮೇಲೆ ಕೇಸ್ ಹಾಕಿ ಕಂಪನಿಯನ್ನೇ ಆರೋಪಿ ಮಾಡಿಲ್ಲ. ಅದು ನಡೆಯುತ್ತಾ?'

ಬರೀ ಹುದ್ದೆಯ ಕಾರಣಕ್ಕೆ, 38ನೇ ಕಲಮಿನ ಬಲದ ಮೇಲೆ ಮಾತ್ರ ಸೇರಿಸಿದ್ದರೆ ಅದನ್ನು ಪ್ರಶ್ನಿಸಬಹುದು. 2012ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಚೆಕ್ ಪ್ರಕರಣದಲ್ಲೂ, ಅದರ ಜೊತೆಗಿದ್ದ ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆ ಪ್ರಕರಣದಲ್ಲೂ, ಕಂಪನಿಯನ್ನು ಆರೋಪಿ ಮಾಡದೆ ಡೈರೆಕ್ಟರ್ ಒಬ್ಬರನ್ನೇ ಹೊಣೆ ಮಾಡುವಂತಿಲ್ಲ ಅಂದಿದೆ. ಡೈರೆಕ್ಟರ್ ತಾನೇ ಪಾಲುಗೊಂಡಿದ್ದಾರೆ, ಒಳಸಂಚು ಮಾಡಿದ್ದಾರೆ ಅನ್ನುವ ಆರೋಪ ಇದ್ದರೆ ಈ ವಾದ ನಡೆಯುವುದಿಲ್ಲ.

ಕೊನೆಯ ಪ್ರಶ್ನೆ ಒಬ್ಬ ಯುವಕರದು. ತಂದೆಯ ಕಂಪನಿ ನೋಡಿಕೊಳ್ಳುತ್ತಿದ್ದಾರಂತೆ. 'ಸಾರ್, ಡ್ರೈವರ್ ಸಿಕ್ಕಿಬಿದ್ದರೆ ನಾವು ಅವನಿಗೆ ವಕೀಲರನ್ನು ಇಡಬಹುದಾ? ಇಟ್ಟರೆ ನಾವೂ ಶಾಮೀಲು ಅನ್ಕೊಳ್ತಾರಾ?'

ಈ ಪ್ರಶ್ನೆ ಕೇಳಿದ್ದಕ್ಕೆ ಸಂತೋಷ. ಇಷ್ಟು ಹೊತ್ತು ನಾನು ಡೈರೆಕ್ಟರ್ ಬಚಾವಾಗುವುದನ್ನೇ ಹೇಳಿದೆ. ಎಲ್ಲ ಕೇಸಿನಲ್ಲೂ ಡ್ರೈವರ್ ತಪ್ಪಿತಸ್ಥನಾಗಿರುವುದಿಲ್ಲ. ಸೀಲ್ ಮಾಡಿದ ಪೆಟ್ಟಿಗೆಯಲ್ಲಿ ಏನಿತ್ತು ಅಂತ ಆತನಿಗೆ ಗೊತ್ತಿಲ್ಲದೆ ಇರಬಹುದು, ಹತ್ತಿಸಿಕೊಂಡ ಪ್ರಯಾಣಿಕ ಇಟ್ಟಿರಬಹುದು. ಆದರೂ 54ನೇ ಕಲಂ ಪ್ರಕಾರ ಯಾರ ವಶದಲ್ಲಿ ಸಿಕ್ಕಿತೋ ಅವರೇ ವಿವರಣೆ ಕೊಡಬೇಕು. ಅದನ್ನು ಕೊಡಲು ಬೇಕಾದ ಎಲ್‌ಆರ್, ಲೋಡಿಂಗ್ ರಿಜಿಸ್ಟರ್, ಗೋಡೌನಿನ ಸಿಸಿಟಿವಿ ಎಲ್ಲ ಇರುವುದು ನಿಮ್ಮ ಆಫೀಸಿನಲ್ಲಿ. ನೀವು ಕೈ ತೊಳೆದುಕೊಂಡರೆ ಆತ ಅದನ್ನು ಎಲ್ಲಿಂದ ತರುತ್ತಾನೆ? ಆತ ನಿಮ್ಮ ಲಾರಿ ಓಡಿಸಿದವನು. ಸಿಸಿಟಿವಿ ತಾನಾಗಿಯೇ ಅಳಿಸಿಹೋಗುವ ಮೊದಲು ಅದನ್ನು ತೆಗೆದಿಡಿ, ರಿಜಿಸ್ಟರುಗಳನ್ನು ತಿದ್ದದೆ ತನಿಖಾಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ವಕೀಲರ ಫೀಸು ಕೊಡುವುದು ಅಪರಾಧ ಅಲ್ಲ. ಚೆಕ್ಕಿನಲ್ಲಿ ಕೊಡಿ, ಲೆಕ್ಕದಲ್ಲಿ ತೋರಿಸಿ. ಆದರೆ ಕಂಪನಿಯ ವಕೀಲರೇ ಆತನಿಗೂ ವಕೀಲರಾಗುವುದು ಬೇಡ. ಕೇಸಿನಲ್ಲಿ ನಿಮ್ಮ ಹಿತ ಒಂದು, ಆತನ ಹಿತ ಇನ್ನೊಂದು ಆಗಬಹುದು. ಆತನ ಪರವಾಗಿ ಮಾತ್ರ ಯೋಚಿಸುವ ಬೇರೆ ವಕೀಲರನ್ನು ಆತನ ಮನೆಯವರೇ ಆರಿಸಿಕೊಳ್ಳಲಿ.